ಕೊಟ್ಟವರು, ಕೇಳಿದವರು: ಹುಬ್ಬಳ್ಳಿ-ಧಾರವಾಡ ಕಟ್ಟಿದ ಜನ

(ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಹಿರಿಯರೇ, ಗೆಳೆಯರೇ,

ಚಿಗರಿ ಬಸ್ಸಿನಲ್ಲಿ ಧಾರವಾಡದ ಕಡೆ ಹೊರಟರೆ ಬಿವಿಬಿ ಸ್ಟಾಪ್ ಬರುತ್ತದೆ. ದಿನಾ ಎಷ್ಟೋ ಜನ ಅಲ್ಲಿ ಹತ್ತುತ್ತಾರೆ, ಇಳಿಯುತ್ತಾರೆ. ಬಿವಿಬಿ ಅಂದರೆ ಬಿ.ವಿ. ಭೂಮರಡ್ಡಿ ಎಂಬ ಒಬ್ಬ ದಾನಿ. 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಅದಕ್ಕೆ ಅವರ ಹೆಸರಿಟ್ಟರು. ಅದೇ ವಿದ್ಯಾನಗರದಲ್ಲಿ ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜಿದೆ. ಕೊತಂಬ್ರಿ ಮನೆತನದ ಹೆಸರು ವಿಜ್ಞಾನದ ಕಾಲೇಜಿಗೂ ಇದೆ, ಕಾನೂನು ಕಾಲೇಜಿಗೂ ಇದೆ. ಪೇಟೆಯೊಳಗೆ ಬಂದರೆ ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆ, ಆಚೆ ಕೊಪ್ಪಿಕರ್ ರಸ್ತೆ. ರಾಜರ ಹೆಸರು, ಪುಢಾರಿಗಳ ಹೆಸರು ಯಾವ ಊರಲ್ಲಾದರೂ ಸಿಗುತ್ತವೆ. ಮನೆತನಗಳ ಹೆಸರು ಇಷ್ಟು ಬೋರ್ಡುಗಳ ಮೇಲೆ ಇರುವ ಊರು ಕಡಿಮೆ.

ಈ ಬೋರ್ಡುಗಳನ್ನು ನೋಡಿ ಹೆಮ್ಮೆ ಪಡೋಣ ಅಂತ ನೀವು ನನ್ನನ್ನು ಕರೆದಿದ್ದೀರಿ. ಪಡೋಣ. ಆದರೆ ನಾನು ಮಾತಾಡಬೇಕು ಅಂತ ಬಂದದ್ದು ಇನ್ನೊಂದು ಸಾಲಿನ ಜನರ ಬಗ್ಗೆ. ಕೊಡುವವರು ತಾವಾಗಿ ಎದ್ದು ಬಂದು ಕೊಟ್ಟದ್ದು ಅಪರೂಪ. ಅವರ ಅಂಗಡಿಯ ಕಟ್ಟೆಗೆ ಯಾರೋ ಹೋಗಿ ಕೂತಿದ್ದಾರೆ. ಒಮ್ಮೆ ಇಲ್ಲ ಅನ್ನಿಸಿಕೊಂಡು ಮತ್ತೆ ಹೋಗಿದ್ದಾರೆ. ಕೊಟ್ಟವರ ಹೆಸರು ಕಲ್ಲಿನ ಮೇಲಿದೆ. ಕೇಳಿದವರ ಹೆಸರು ಜಾಸ್ತಿ ಕಡೆ ಇಲ್ಲ. ಊರು ಕಟ್ಟಲು ಇಬ್ಬರೂ ಬೇಕಾಯಿತು ಅನ್ನುವುದು ನನ್ನ ವಾದ.

ಮೊದಲು ವ್ಯಾಪಾರಿಗಳಿಂದಲೇ ಶುರು ಮಾಡೋಣ. ಈ ಊರೇ ಒಬ್ಬ ವ್ಯಾಪಾರಿ ಕಟ್ಟಿದ್ದು.

ಹಳೆಯದು ರಾಯರ ಹುಬ್ಬಳ್ಳಿ. ವಿಜಯನಗರದ ಕಾಲಕ್ಕೇ ಅಲ್ಲಿ ಹತ್ತಿ, ಪೆಟ್ಲುಪ್ಪು, ಕಬ್ಬಿಣದ ವ್ಯಾಪಾರ ಇತ್ತು. ಇಂಗ್ಲಿಷ್ ಕಂಪನಿಯವರು ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದಿದ್ದರು. 1673ರಲ್ಲಿ ಶಿವಾಜಿಯ ದಂಡು ಅದನ್ನು ಲೂಟಿ ಮಾಡಿತು. ಲೂಟಿ ಮಾಡಲು ಬರಬೇಕಾದರೆ ಲೂಟಿಗೆ ತಕ್ಕ ಮಾಲು ಇರಬೇಕಲ್ವಾ? ಆಮೇಲೆ ಊರು ಸವಣೂರು ನವಾಬರ ಕೈಗೆ ಬಂತು. ಅವರ ಕಾಲದಲ್ಲಿ ಮಜೀದಪುರ ಎಂಬ ಹೊಸ ಪೇಟೆ ಎದ್ದಿತು. ಬಸಪ್ಪ ಶೆಟ್ಟರ್ ಎಂಬ ವ್ಯಾಪಾರಿ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿದರು.

ಇವತ್ತು ದುರ್ಗದಬೈಲಿಗೆ ಸಂಜೆ ಗಿರ್ಮಿಟ್-ಮಿರ್ಚಿ ತಿನ್ನಲು ಹೋಗುತ್ತೇವೆ. ಅಲ್ಲಿಂದ ಜವಳಿ ಸಾಲು, ಕಂಚಗಾರ ಗಲ್ಲಿ, ದಾಜಿಬಾನ ಪೇಟೆ, ಅಕ್ಕಿಹೊಂಡ ಎಲ್ಲಾ ನಡೆದೇ ಮುಟ್ಟಬಹುದು. ಒಂದೊಂದು ಸಾಲಿನಲ್ಲಿ ಒಂದೊಂದು ಮಾಲು. ಪೇಟೆಯನ್ನು ಬಲ್ಲವನೇ ಊರಿನ ನಕಾಶೆ ಹಾಕಿದರೆ ಹೀಗಿರುತ್ತದೆ. ಆಳಿದವರು ಬದಲಾಗುತ್ತಾ ಹೋದರು. ನವಾಬರು, ಪೇಶ್ವೆಯವರು, ಹೈದರಾಲಿ, ಮತ್ತೆ ಮರಾಠರು. ಒಂದು ಹಂತದಲ್ಲಿ ಹಳೆ ಹುಬ್ಬಳ್ಳಿ ಪೇಶ್ವೆಯ ಕಡೆಗೆ, ಹೊಸ ಹುಬ್ಬಳ್ಳಿ ಸಾಂಗ್ಲಿಯ ಪಟವರ್ಧನರ ಕಡೆಗೆ ಇತ್ತು. ಹಳೆಯದು 1817ರಲ್ಲಿ, ಹೊಸದು 1820ರಲ್ಲಿ ಬ್ರಿಟಿಷರ ಕೈ ಸೇರಿದವು. ಇಷ್ಟೆಲ್ಲಾ ಆದರೂ ಪೇಟೆ ಮುಚ್ಚಲಿಲ್ಲ. ಬಸಪ್ಪ ಶೆಟ್ಟರಿಗೆ ನಾವು ದೊಡ್ಡ ಪ್ರತಿಮೆ ಕಟ್ಟಿಲ್ಲ. ದುರ್ಗದಬೈಲು ಇದೆಯಲ್ಲ, ಸಾಕು ಅಂತ ನನಗೇನೋ ಅನ್ನಿಸುತ್ತದೆ.

ಇನ್ನೂ ಹಿಂದೆ ಹೋದರೆ ಅಯ್ಯಾವೊಳೆ ಐನೂರ್ವರು ಸಿಗುತ್ತಾರೆ. ಐಹೊಳೆಯನ್ನು ಮೂಲ ಮಾಡಿಕೊಂಡ ವರ್ತಕರ ದೊಡ್ಡ ಸಂಘ. ಇವರ ಶಾಸನಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಹೇರಿಗೆ ಇಷ್ಟು, ಮೂಟೆಗೆ ಇಷ್ಟು ದೇವರಿಗೆ ಅಂತ ತಾವೇ ತಮ್ಮ ಮೇಲೆ ಹಾಕಿಕೊಂಡ ವಂತಿಗೆ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯ ಕಥೆ ನಿಮಗೆ ಗೊತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಗುಡಿ ಕಟ್ಟಿದವರು ಬೇಕಾದಷ್ಟು ಜನ. ಓದಲಿ ಅಂತ ಪುಸ್ತಕ ಹಂಚಿದವಳು ಇವಳು. ನಮ್ಮ ಕಡೆಯ ದಾನದ ಚರಿತ್ರೆಗೆ ಇವಳಿಂದಲೇ ಲೆಕ್ಕ ಶುರು ಮಾಡಬೇಕು ಅನ್ನುವವ ನಾನು.

ಈಗ ದುಡ್ಡು ಎಲ್ಲಿಂದ ಬಂತು ಅನ್ನುವ ಮಾತಿಗೆ ಬರೋಣ. ಉತ್ತರ ಒಂದೇ, ಹತ್ತಿ.

1840ರ ದಶಕದಲ್ಲಿ ಬ್ರಿಟಿಷರು ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿ ಬೆಳೆಸಲು ಹೊರಟರು. ಅಮೆರಿಕದಿಂದ ಬೆಳೆಗಾರರನ್ನೇ ಕರೆಸಿದರು. ನಮ್ಮ ಕುಸುಗಲ್ಲಿನಲ್ಲಿ ಸರ್ಕಾರಿ ಹತ್ತಿ ಹೊಲ ಮಾಡಿದರು. ನ್ಯೂ ಆರ್ಲಿಯನ್ಸ್ ತಳಿಯ ಬೀಜ ಇಲ್ಲಿಯ ಎರೆ ಮಣ್ಣಿಗೆ ಒಗ್ಗಿತು. ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು ಬಿತ್ತು. ನಾಡ ತಳಿಯನ್ನು ಕುಮಟಾ ಹತ್ತಿ ಅನ್ನುತ್ತಿದ್ದರು, ಅದು ಹಡಗು ಹತ್ತುತ್ತಿದ್ದದ್ದು ಕುಮಟಾ ಬಂದರಿನಲ್ಲಿ ಅಂತ. ಎತ್ತಿನ ಬಂಡಿಗಳ ಸಾಲು ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು ಅನ್ನುವುದನ್ನೂ ಹೇಳಬೇಕು. 1880ರ ದಶಕದಲ್ಲಿ ರೈಲು ಬಂತು, ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಬಂತು. ಬಂಡಿ ಹೊಡೆಯುವವರ ಕೆಲಸ ಹೋಯಿತು. ಹುಬ್ಬಳ್ಳಿ, ಗದಗಿನಲ್ಲಿ ಜಿನ್ನಿಂಗ್ ಗಿರಣಿಗಳು, ಪ್ರೆಸ್ಸುಗಳು ಎದ್ದವು. ರೈತರ ಮಾಲನ್ನು ದಲಾಲಿ ಹಿಡಿದು ಮಾರಿಕೊಡುವ ಅಡತಿ ಅಂಗಡಿಗಳು ದೊಡ್ಡವಾದವು.

ಅಡತಿ ಅಂಗಡಿ ನಡೆಯುವ ರೀತಿ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಹುಡುಗರಿಗಾಗಿ ಹೇಳುತ್ತೇನೆ. ರೈತ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಚೀಲ, ತುಂಬಿಕೊಂಡು ಬಂದು ಅಡತಿಯವರ ಅಂಗಡಿಯ ಮುಂದೆ ಇಳಿಸುತ್ತಾನೆ. ಖರೀದಿದಾರರು ಬಂದು ಮಾಲು ಹಿಚುಕಿ ನೋಡುತ್ತಾರೆ. ಹಿಂದೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವ ರೂಢಿ ಇತ್ತು. ನಿಂತು ನೋಡುವ ರೈತನಿಗೆ ಏನೂ ತಿಳಿಯುತ್ತಿರಲಿಲ್ಲ. ದರ ಕುದುರಿದ ಮೇಲೆ ಪಟ್ಟಿ ಬರೆಯುತ್ತಾರೆ. ಅದರಲ್ಲಿ ಕಡಿತಗಳು: ದಲಾಲಿ, ಹಮಾಲಿ, ತೂಕದ ಹಣ. ಕೆಳಗೆ ಒಂದು ಸಣ್ಣ ಮೊತ್ತ, ಧರ್ಮಾದಾಯ.

ಈ ಧರ್ಮಾದಾಯ ಅನ್ನುವ ಸಾಲಿನ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಮುಂಬೈ ಇಲಾಖೆಯ ಪೇಟೆಗಳಲ್ಲೆಲ್ಲಾ ಇದು ಇತ್ತು. ಚೀಲಕ್ಕೆ ಇಷ್ಟು ಅಂತ ಹಿಡಿದು ವ್ಯಾಪಾರಸ್ಥರು ಬೇರೆ ಖಾತೆಯಲ್ಲಿ ಇಡುತ್ತಿದ್ದರು. ಗುಡಿ, ಮಠ, ಗೋಶಾಲೆ, ಪಾಠಶಾಲೆ, ಅನ್ನಛತ್ರ ಹೀಗೆ ಯಾವುದಕ್ಕಾದರೂ ಕೊಡುತ್ತಿದ್ದರು. ಅಯ್ಯಾವೊಳೆಯವರ ಹೇರಿನ ಲೆಕ್ಕವೇ ಇಲ್ಲಿಯವರೆಗೆ ನಡೆದು ಬಂದಿತ್ತು ಅನ್ನಿ. ಒಬ್ಬೊಬ್ಬರ ಪಾಲು ಕಾಸಿನ ಲೆಕ್ಕ. ಹಂಗಾಮು ಮುಗಿಯುವ ಹೊತ್ತಿಗೆ ಅದು ದೊಡ್ಡ ಗಂಟಾಗುತ್ತಿತ್ತು.

ಈಗ ಒಂದು ಒಗರು ಮಾತು. ಆ ಕಾಸು ಕಡಿದದ್ದು ಯಾರ ಪಟ್ಟಿಯಲ್ಲಿ? ರೈತನ ಪಟ್ಟಿಯಲ್ಲಿ. ಅವನನ್ನು ಯಾರೂ ಕೇಳಲಿಲ್ಲ. ದಾನದ ಹೆಸರು ಮಾತ್ರ ಅಂಗಡಿಯವರದು ಆಯಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ವರದಿ ಬಂದಾಗ ಪೇಟೆಯಲ್ಲಿ ರೈತರ ಮೇಲೆ ಬೀಳುವ ಬಗೆಬಗೆಯ ಕಡಿತಗಳಿಗೆ ಕಡಿವಾಣ ಬೇಕು, ನಿಯಂತ್ರಿತ ಮಾರುಕಟ್ಟೆ ಬೇಕು ಅಂತ ಹೇಳಿತು. ಮುಂಬೈ ಇಲಾಖೆಯಲ್ಲಿ 1939ರಲ್ಲಿ ಅದಕ್ಕೊಂದು ಕಾಯ್ದೆ ಆಯಿತು. ಇವತ್ತಿನ ಅಮರಗೋಳದ ಎಪಿಎಂಸಿ ಆ ದಾರಿಯಲ್ಲೇ ಬಂದದ್ದು. ತಮಾಷೆ ಅಂದರೆ, ಆ 1928ರಲ್ಲೇ ಹುಬ್ಬಳ್ಳಿಯ ವ್ಯಾಪಾರಸ್ಥರು ಸೇರಿ ವಾಣಿಜ್ಯೋದ್ಯಮ ಸಂಸ್ಥೆ ಕಟ್ಟಿದರು. ಅತ್ತ ರೈತನ ಪರವಾಗಿ ವರದಿ, ಇತ್ತ ವ್ಯಾಪಾರಿಯ ಪರವಾಗಿ ಸಂಘ. ಎರಡೂ ಬೇಕಾಗಿದ್ದವು. ಇದನ್ನು ಹೇಳಿದರೆ ವ್ಯಾಪಾರಸ್ಥ ಗೆಳೆಯರು ಮುನಿಸಿಕೊಳ್ಳಬಾರದು. ನಿಮ್ಮ ಅಜ್ಜಂದಿರು ಆ ಹಣವನ್ನು ಮನೆಗೆ ಒಯ್ಯಲಿಲ್ಲ, ಶಾಲೆಗೆ ಕೊಟ್ಟರು, ಅದು ದೊಡ್ಡದೇ. ಆದರೆ ಕಾಲೇಜಿನ ಗೋಡೆಯಲ್ಲಿ ನವಲಗುಂದದ ಎರೆ ಹೊಲದವನ ಇಟ್ಟಿಗೆಯೂ ಇದೆ.

ಇನ್ನು ಕೇಳಿದವರು.

ಧಾರವಾಡ ಆಗ ಕಚೇರಿಯ ಊರು. ವಕೀಲರು, ಮಾಸ್ತರರು, ಸರ್ಕಾರಿ ನೌಕರರು. ದುಡ್ಡು ಹುಬ್ಬಳ್ಳಿ, ಗದಗಿನಲ್ಲಿ. ವಿಚಾರ ಧಾರವಾಡದಲ್ಲಿ. ಇಪ್ಪತ್ತು ಕಿಲೋಮೀಟರ್ ದೂರದ ಎರಡು ಊರು. ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳುವುದು ಇನ್ನೂ ನಿಂತಿಲ್ಲ. 1855ರಲ್ಲಿ ಹುಬ್ಬಳ್ಳಿಗೆ, ಮರುವರ್ಷ ಧಾರವಾಡಕ್ಕೆ ಪುರಸಭೆ ಬಂತು. ಎರಡನ್ನೂ ಕೂಡಿಸಿ ಒಂದೇ ಪಾಲಿಕೆ ಮಾಡಿದ್ದು 1962ರಲ್ಲಿ. ಆದರೆ ಕೇಳುವವರು ಮತ್ತು ಕೊಡುವವರ ನಡುವೆ ಈ ಊರುಗಳು ಅದಕ್ಕೂ ಎಷ್ಟೋ ಮೊದಲೇ ಕೂಡಿದ್ದವು.

ಮೊದಲ ಸಾಲಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರನ್ನು ನೆನೆಯಬೇಕು. 1833ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡರು. ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ ಶಿಕ್ಷಣ ಇಲಾಖೆಯೊಳಗೇ ಇದ್ದುಕೊಂಡು ಕನ್ನಡ ಶಾಲೆ ಬೆಳೆಸಿದರು. ಇವರು ದುಡ್ಡು ಕೇಳಲಿಲ್ಲ, ಮಕ್ಕಳನ್ನು ಕೇಳಿದರು: ನಿಮ್ಮ ಹುಡುಗನನ್ನು ಶಾಲೆಗೆ ಕಳಿಸಿರಿ ಅಂತ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಅದರ ಕಥೆ ನಿಮಗೆಲ್ಲ ಗೊತ್ತಿರುವುದೇ, ಮುಂದೆ ಹೋಗುತ್ತೇನೆ.

1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ಹುಡುಗರ ಓದಿಗಾಗಿ ಒಂದು ನಿಧಿ ಶುರುವಾಯಿತು. ಅದರ ಮುಂದಾಳುಗಳು ಗಿಲಗಂಚಿ ಗುರುಸಿದ್ದಪ್ಪ ಮತ್ತು ಅರಟಾಳ ರುದ್ರಗೌಡ. ಈ ಇಬ್ಬರೂ ಕೇಳುವ ಕೆಲಸವನ್ನೇ ಒಂದು ವೃತ್ತಿ ಮಾಡಿಕೊಂಡವರು ಅನ್ನಬಹುದು. ಹಳ್ಳಿಯಿಂದ ಬಂದ ಹುಡುಗನಿಗೆ ಫೀ ಕಟ್ಟಬೇಕು, ಊಟ ಹಾಕಬೇಕು, ಮುಂದೆ ಪುಣೆಗೆ ಕಳಿಸಬೇಕು. ಈ ಲೆಕ್ಕ ಹಿಡಿದು ಅಂಗಡಿ, ಮಠ, ವಾಡೆಗಳಿಗೆ ಹೋದರು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್ಇ (ಕರ್ನಾಟಕ ಲಿಂಗಾಯತ ಎಜುಕೇಷನ್) ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದ ಏಳು ಜನರನ್ನು ಸಪ್ತರ್ಷಿಗಳು ಅನ್ನುತ್ತಾರೆ. ಅವರ ಮೊದಲ ಶಾಲೆಗೆ ಇವತ್ತು ಜಿ.ಎ. ಹೈಸ್ಕೂಲ್ ಅಂತ ಹೆಸರು. ಜಿ ಅಂದರೆ ಗಿಲಗಂಚಿ, ಎ ಅಂದರೆ ಅರಟಾಳ. ಕೇಳಿದವರ ಹೆಸರು ಬೋರ್ಡಿನ ಮೇಲೆ ಬಂದ ಅಪರೂಪದ ಉದಾಹರಣೆ ಇದು.

ಅವರು ಯಾರ ಮುಂದೆ ಕೂತು ಕೇಳಿದರು ಅನ್ನುವುದಕ್ಕೆ ಸಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರು ಸಾಕು. ಇವರು ವ್ಯಾಪಾರಿಯಲ್ಲ, ದೇಸಗತಿಯವರು, ಅಂದರೆ ಜಮೀನ್ದಾರಿ ಮನೆತನದವರು. ಹುಟ್ಟಿದ್ದು 1861ರಲ್ಲಿ, ಈಗ ಗದಗ ಜಿಲ್ಲೆಗೆ ಸೇರಿದ ಶಿಗ್ಲಿಯಲ್ಲಿ, ಸಾಮಾನ್ಯ ಮನೆಯಲ್ಲಿ. ಸಿರಸಂಗಿಗೆ ದತ್ತು ಹೋದರು. 1904ರಲ್ಲಿ ಧಾರವಾಡದಲ್ಲಿ ಮೊದಲ ವೀರಶೈವ ಮಹಾಸಭೆ ಸೇರಿದಾಗ ಇವರೇ ಅಧ್ಯಕ್ಷರು. ಮಕ್ಕಳಿರಲಿಲ್ಲ. 1906ರಲ್ಲಿ ತೀರಿಕೊಳ್ಳುವಾಗ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಆ ಮೃತ್ಯುಪತ್ರ ಮುಂದೆ ಕೋರ್ಟು ಕಟ್ಟೆ ಹತ್ತಿತು. ದೊಡ್ಡ ದಾನಕ್ಕೆ ನೆಂಟರ ತಕರಾರು ಇದ್ದದ್ದೇ! ಕಡೆಗೂ ಉಳಿದ ಟ್ರಸ್ಟಿನಿಂದ ಎಷ್ಟೋ ಹುಡುಗರು ಓದಿದರು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಕರ್ನಾಟಕ ಕಾಲೇಜಿನ ಕಥೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಭಾಗದ ಹುಡುಗ ಮೆಟ್ರಿಕ್ ಮುಗಿಸಿದರೆ ಮುಂದೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯಲ್ಲೇ. ಮನೆಯಲ್ಲಿ ನಾಲ್ಕು ಕಾಸು ಇಲ್ಲದವನ ಓದು ಮೆಟ್ರಿಕ್ಕಿಗೇ ಮುಗಿಯುತ್ತಿತ್ತು. ಧಾರವಾಡಕ್ಕೊಂದು ಕಾಲೇಜು ಕೊಡಿರಿ ಅಂದರೆ ಸರ್ಕಾರ, ನಿಮ್ಮ ಜನರಿಂದ ಹಣ ಬರಲಿ ನೋಡೋಣ ಅಂದಿತು. ಆಗ ಹೊರಟವರು ರೊದ್ದ ಶ್ರೀನಿವಾಸರಾಯರು ಮತ್ತು ಅದೇ ಅರಟಾಳ ರುದ್ರಗೌಡರು. ಒಬ್ಬರು ಬ್ರಾಹ್ಮಣ, ಇನ್ನೊಬ್ಬರು ಲಿಂಗಾಯತ. ಬ್ರಾಹ್ಮಣ-ಬ್ರಾಹ್ಮಣೇತರ ಜಗಳ ಕಾವೇರುತ್ತಿದ್ದ ಕಾಲ ಅದು. ಇವರು ಕೂಡಿ ವಂತಿಗೆ ಎತ್ತಿದರು. ಯಾವ ಬಾಗಿಲಿಗೆ ಯಾರು ಹೋದರೆ ತೆರೆಯುತ್ತದೆ ಅನ್ನುವ ಲೆಕ್ಕ ಇಬ್ಬರಿಗೂ ಇದ್ದೀತು. ಇಂಥ ಜೋಡಿ ಇವತ್ತು ಸಿಗುವುದು ಕಷ್ಟ.

1917ರ ಜೂನ್‌ನಲ್ಲಿ ಕಾಲೇಜು ಶುರುವಾಯಿತು. ಅದಕ್ಕೆ ಸಿಕ್ಕ ಕಟ್ಟಡದ ಕಥೆಯೂ ಚೆನ್ನಾಗಿದೆ. ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿತು, ಕಚೇರಿ ಮದ್ರಾಸಿಗೆ ಹೋಯಿತು. ಊರಿನ ಎಷ್ಟೋ ಜನರ ನೌಕರಿ ಅದರ ಜೊತೆ ಹೋಗಿರಬೇಕು. ಉಳಿದದ್ದು ಆ ದೊಡ್ಡ ಕಲ್ಲಿನ ಕಟ್ಟಡ. ಹತ್ತಿ ಸಾಗಿಸಲು ಬಂದ ರೈಲಿನ ಕಚೇರಿಯಲ್ಲಿ, ಹತ್ತಿಯ ದುಡ್ಡು ಕೂಡಿಸಿ, ಹತ್ತಿ ಬೆಳೆದವರ ಮಕ್ಕಳಿಗೆ ಪಾಠ ನಡೆಯಿತು. ಈಗಲೂ ಅಲ್ಲೇ ನಡೆಯುತ್ತಿದೆ.

ಹುಬ್ಬಳ್ಳಿಯವರಾದ ಸರ್ ಸಿದ್ದಪ್ಪ ಕಂಬಳಿಯವರು ಮೂರನೇ ಬಗೆಯವರು. ದಾನಿಯಲ್ಲ, ಜೋಳಿಗೆ ಹಿಡಿದವರೂ ಅಲ್ಲ. ವಕೀಲರು. ಪೇಟೆಯ ಮಾತನ್ನು ಮುಂಬೈ ಸರ್ಕಾರದ ಭಾಷೆಗೆ ತಿರುಗಿಸಬಲ್ಲವರು. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆದಾಗ ಅಲ್ಲೇ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಅದರ ಅಧ್ಯಕ್ಷರು ಕಂಬಳಿಯವರು. 1930ರ ದಶಕದಲ್ಲಿ ಮುಂಬೈ ಇಲಾಖೆಯ ಶಿಕ್ಷಣ ಮಂತ್ರಿಯಾದರು. ಬ್ರಿಟಿಷರ ಸರ್ಕಾರದಲ್ಲಿ ಮಂತ್ರಿಯಾಗಿ ಸರ್ ಪದವಿ ಪಡೆದರು ಅಂತ ಅವರನ್ನು ಹಳಿದವರೂ ಇದ್ದಾರೆ. ಇರಲಿ. ನಮ್ಮ ಭಾಗಕ್ಕೊಂದು ವಿಶ್ವವಿದ್ಯಾಲಯ ಬೇಕು ಅಂತ ಅವರು ಹಿಡಿದ ಹಟ ದೊಡ್ಡದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಯಿತು.

ಗದಗಿನ ಕಡೆ ಒಂದು ಬೇರೆಯೇ ದಾರಿ ಕಾಣುತ್ತದೆ. ಕಣಗಿನಹಾಳ ಗೊತ್ತಲ್ಲ, ಗದಗಿನ ಪಕ್ಕದ ಹಳ್ಳಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮೂರಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರಿ ಸಂಘ ಅಂತ ಅದನ್ನು ನೆನೆಯುತ್ತಾರೆ. ದಾನ ಕೊಟ್ಟರೆ ತಗೊಂಡವನು ತಲೆ ತಗ್ಗಿಸುತ್ತಾನೆ. ಸಂಘದ ಸಾಲ ತಗೊಂಡವನು ಸದಸ್ಯ, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದು. ಮೇಲೆ ಹೇಳಿದ ಧರ್ಮಾದಾಯದ ಒಗರು ಇಲ್ಲಿಲ್ಲ. ರೈತನ ದುಡ್ಡು ರೈತನ ಹೆಸರಲ್ಲೇ ಇರುತ್ತದೆ. ಹುಬ್ಬಳ್ಳಿಯಲ್ಲಿ ನಿಂತು ಹೇಳಬಾರದೇನೋ, ಆದರೆ ನನ್ನ ಲೆಕ್ಕದಲ್ಲಿ ಎಲ್ಲಾ ದಾನಿಗಳಿಗಿಂತ ಈ ಗೌಡರು ಒಂದು ತೂಕ ಜಾಸ್ತಿ.

ಹಾವೇರಿಯ ಮಾತು ಚಿಕ್ಕದಾಗಿ. ಅಲ್ಲಿ ಏಲಕ್ಕಿಯ ಪೇಟೆ. ಘಟ್ಟದಿಂದ ಬಂದ ಏಲಕ್ಕಿಯನ್ನು ಊರಲ್ಲಿ ಹಸನು ಮಾಡಿ ಮಾರುತ್ತಿದ್ದರು. ಏಲಕ್ಕಿ ಹಾರ ಇವತ್ತಿಗೂ ಆ ಊರಿನ ಗುರುತು. ಆದರೆ ಹಾವೇರಿಯ ಕಾಲೇಜಿನ ಮೇಲಿರುವುದು ವ್ಯಾಪಾರಿಯ ಹೆಸರಲ್ಲ, ಸ್ವಾತಂತ್ರ್ಯ ಹೋರಾಟಗಾರ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರದು. ಯಾವ ಊರು ಯಾರನ್ನು ಮುಂದೆ ನಿಲ್ಲಿಸಿಕೊಳ್ಳುತ್ತದೆ ಅನ್ನುವುದು ನೋಡಲು ಮಜಾ ಇರುತ್ತದೆ.

ಹೆಣ್ಣುಮಕ್ಕಳ ಹೆಸರು ಬಂದದ್ದು ಅತ್ತಿಮಬ್ಬೆಯದು ಒಂದೇ, ಅದೂ ಸಾವಿರ ವರ್ಷದ ಹಿಂದಿನದು. ಹುಬ್ಬಳ್ಳಿಯಲ್ಲಿ ನಾಗಮ್ಮ ಪಾಟೀಲರು ಪತಿ ಸರದಾರ ವೀರನಗೌಡರ ಜೊತೆ ದಲಿತ ಹೆಣ್ಣುಮಕ್ಕಳಿಗಾಗಿ ಆಶ್ರಮ ನಡೆಸಿದರು, ಮಹಿಳಾ ವಿದ್ಯಾಪೀಠ ಕಟ್ಟಿದರು. ಆ ಕಾಲದಲ್ಲಿ ದಲಿತ ಹುಡುಗಿಯರ ಊಟ-ಓದಿಗೆ ಅಂತ ಒಬ್ಬ ಹೆಣ್ಣುಮಗಳು ಪೇಟೆಯಲ್ಲಿ ನಿಂತು ಕೇಳುವುದು ಎಷ್ಟು ಕಷ್ಟ ಇದ್ದೀತು, ನೀವೇ ಯೋಚಿಸಿರಿ. ಕೊಟ್ಟವರು ಯಾರು ಅನ್ನುವುದು ಇಲ್ಲಿ ದೊಡ್ಡ ಮಾತಲ್ಲ. ಕೇಳಿದ್ದೇ ದೊಡ್ಡದು.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಇದನ್ನೆಲ್ಲಾ ನಾವು ಎಲ್ಲಿ ಹುಡುಕಬೇಕ್ರೀ? ಪುಸ್ತಕದಾಗ ದೊಡ್ಡ ಹೆಸರು ಅಷ್ಟ ಅದಾವು." ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರವನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತೇನೆ.

ಹಳೆ ಸಂಸ್ಥೆಗಳ ವಾರ್ಷಿಕ ವರದಿ ನೋಡಬೇಕು. ಹಿಂದಿನ ಪುಟಗಳಲ್ಲಿ ವಂತಿಗೆ ಕೊಟ್ಟವರ ಪಟ್ಟಿ ಇರುತ್ತದೆ. ದೊಡ್ಡ ಮೊತ್ತ ಮೇಲೆ, ಸಣ್ಣ ಮೊತ್ತ ಕೆಳಗೆ. ಕೆಳಗಿನಿಂದ ಓದಿರಿ. ರಜತ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಲ್ಲಿ ವಂತಿಗೆ ಎತ್ತಲು ಹೋದವರ ನೆನಪುಗಳು ಸಿಗುತ್ತವೆ. ಹಳೆ ಪುಸ್ತಕದಂಗಡಿಯಲ್ಲಿ ಇವನ್ನು ಯಾರೂ ಕೇಳುವುದಿಲ್ಲ, ಅಗ್ಗಕ್ಕೆ ಬರುತ್ತವೆ.

ಸಭೆಯಲ್ಲಿದ್ದ ವ್ಯಾಪಾರಸ್ಥರಿಗೆ ಬೇರೆ ಹೇಳಿದೆ. ನಿಮ್ಮ ಅಂಗಡಿಯ ಅಟ್ಟದ ಮೇಲೆ ಅಜ್ಜನ ಕಾಲದ ಕೀರ್ದಿ-ಖಾತೆಗಳ ಗಂಟು ಇರಬಹುದು. ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ಅವು ರದ್ದಿಗೆ ಹೋಗುತ್ತವೆ. ಈ ಸಲ ಹಾಕುವ ಮುಂಚೆ ತೆರೆದು ನೋಡಿರಿ. ಕೆಲವು ಮೋಡಿ ಲಿಪಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ, ಇದ್ದಾವು. ಅದನ್ನು ಓದಬಲ್ಲವರು ಇನ್ನೂ ಇದ್ದಾರೆ, ಹುಡುಕಬೇಕು ಅಷ್ಟೇ. ಖಾತೆಗಳಲ್ಲಿ ಧರ್ಮಾದಾಯದ್ದು ಬೇರೆ ಇರುತ್ತದೆ. ಒಂದು ಬದಿ ಜಮಾ, ಒಂದು ಬದಿ ಖರ್ಚು. ಖರ್ಚಿನ ಬದಿಯಲ್ಲಿ ಯಾವ ಶಾಲೆಗೆ, ಯಾವ ಮಠಕ್ಕೆ, ಯಾರ ಹಸ್ತೆ ಎಷ್ಟು ಹೋಯಿತು ಅಂತ ಬರೆದಿರುತ್ತಾರೆ. ಹಸ್ತೆ ಅಂದರೆ ಯಾರ ಕೈಯಲ್ಲಿ ಹಣ ಹೋಯಿತು ಅಂತ; ಕೇಳಿದವರು ಸಿಗುವುದು ಅಲ್ಲೇ. 'ಹಸ್ತೆ' ಅಂತ ಇರುವ ಕಡೆ ಬರುವ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ತಾರೀಖು ಹಾಕಿ, ಪುಟದ ಫೋಟೋ ತೆಗೆದು ಈ ಹುಡುಗರಿಗೆ ಕೊಡಿರಿ.